ಚುಕ್ಕಿಯ ಲೆಕ್ಕ: ಅರಬ್ಬಿ ಬರವಣಿಗೆಗೆ ಖತ್ ಕಲೆಯ ನೆರವು

ವಿಜಯಪುರದ ಇಬ್ರಾಹಿಂ ರೋಜಾ ನೋಡಿದವರಿಗೆ ಅದರ ಗೋಡೆ, ಜಾಲಂಧ್ರಗಳ ಮೇಲಿನ ಅರಬ್ಬಿ ಅಕ್ಷರಗಳ ಬೆಡಗು ಗೊತ್ತು. ಇವತ್ತು ನಾನು ಹೇಳಹೊರಟಿರುವುದು ಆ ಬೆಡಗಿನ ಹಿಂದಿರುವ ಅಳತೆಯ ವಿಚಾರ. ಅರಬ್ಬಿ ಬರೆಯಲು ಕಲಿಯುವವರಿಗೆ ಖತ್, ಎಂದರೆ ಅಂದದ ಬರವಣಿಗೆಯ ಕಲೆಯಿಂದ ಹೆಚ್ಚು ಪ್ರಯೋಜನ ಸಿಗುವುದು ಈ ಅಳತೆಯಿಂದಲೇ.

ಅರಬ್ಬಿಯಲ್ಲಿ 28 ಅಕ್ಷರಗಳು. ಬಹುಪಾಲು ಅಕ್ಷರಗಳು ಪದದ ಮೊದಲು, ನಡುವೆ, ಕೊನೆಯಲ್ಲಿ ರೂಪ ಬದಲಿಸುತ್ತವೆ. ಅಲಿಫ್, ದಾಲ್, ಜಾಲ್, ರಾ, ಝಾ, ವಾವ್ ಎಂಬ ಆರು ಮುಂದಿನ ಅಕ್ಷರಕ್ಕೆ ಕೂಡುವುದೇ ಇಲ್ಲ. ಪದದ ನಡುವೆ ಬಾ, ತಾ, ಸಾ, ನೂನ್, ಯಾ ಐದಕ್ಕೂ ಒಂದೇ ಗೀಟು. ಗುರುತು ಹೇಳುವುದು ಚುಕ್ಕಿ ಮಾತ್ರ. ಕಲಿಯುವವರು ತಡವರಿಸುವುದು ಇಲ್ಲೇ. ಇಂಥಲ್ಲಿ ಖತ್‌ನ ಅಳತೆ ಆಸರೆಯಾಗುತ್ತದೆ.

10ನೇ ಶತಮಾನದ ಬಾಗ್ದಾದಿನಲ್ಲಿ ವಜೀರನಾಗಿದ್ದ ಇಬ್ನ್ ಮುಕ್ಲಾ ಅಕ್ಷರಗಳಿಗೆ ಪ್ರಮಾಣ ಕಟ್ಟಿಕೊಟ್ಟನೆಂಬುದು ಪರಂಪರೆಯ ನಂಬಿಕೆ. ಓರೆಯಾಗಿ ಕೊಯ್ದ ಜೊಂಡಿನ ಲೇಖನಿಯನ್ನು ಒಮ್ಮೆ ಒತ್ತಿದಾಗ ಮೂಡುವ ಚೌಕ ಚುಕ್ಕಿಯೇ ಮಾನ. ನಸ್ಖ್ ಶೈಲಿಯ ಅಲಿಫ್ ಸಾಮಾನ್ಯವಾಗಿ 5 ಚುಕ್ಕಿ ಎತ್ತರ, ಸುಲುಸ್ ಶೈಲಿಯಲ್ಲಿ 7. ಉಳಿದ ಅಕ್ಷರಗಳ ಅಗಲ, ಬಾಗು, ಆಳಗಳಿಗೂ ಇದೇ ಲೆಕ್ಕ. ಹೀಗಾಗಿ ಅಕ್ಷರ ಎಲ್ಲಿ ಗಿಡ್ಡವಾಯಿತು, ಎಲ್ಲಿ ಹಿಗ್ಗಿತು ಎಂಬುದನ್ನು ವಿದ್ಯಾರ್ಥಿ ತಾನೇ ಎಣಿಸಿ ನೋಡಬಹುದು, ಮೇಷ್ಟ್ರು ಗದರಬೇಕಿಲ್ಲ.

ಪಾಠದ ಕ್ರಮವೂ ಭಾಷೆಯ ಸ್ವಭಾವಕ್ಕೆ ಒಗ್ಗಿದ್ದೇ. ಮೊದಲು ಮುಫ್ರದಾತ್, ಎಂದರೆ ಬಿಡಿ ಅಕ್ಷರಗಳು; ಆಮೇಲೆ ಮುರಕ್ಕಬಾತ್, ಎಂದರೆ ಕೂಡಿಸಿದ ಅಕ್ಷರಗಳು. ಉಸ್ತಾದರ ಮಾದರಿ ನೋಡಿ ಮತ್ತೆ ಮತ್ತೆ ಬರೆಯುವ ಈ ಮಶ್ಕ್, ನಮ್ಮ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದಿದ ಹಾಗೆಯೇ. ಪಳಗಿದ ಶಿಷ್ಯನಿಗೆ ಕೊನೆಗೆ ಇಜಾಜತ್, ಎಂದರೆ ಗುರುವಿನ ಅನುಮತಿ ಸಿಗುತ್ತದೆ.

ಆದರೆ ತರಗತಿಯಲ್ಲಿ ಸುಲುಸ್‌ನ ಅಲಂಕಾರಕ್ಕೆ ಮೊದಲೇ ಕೈಹಾಕಬಾರದು. ಅಚ್ಚಿನ ಪುಸ್ತಕದ ಅಕ್ಷರ ನಸ್ಖ್ ಮಾದರಿಯದ್ದು. ಅದರಿಂದ ಶುರುಮಾಡಿದರೆ ಓದಿಗೂ ಆಸರೆ. ಕೈ ಪಳಗಿದ ಮೇಲೆ ರುಕಾ ಶೈಲಿ ಬರಲಿ. ಅರಬ್ ನಾಡುಗಳಲ್ಲಿ ಹಲವರ ದಿನಬಳಕೆಯ ಕೈಬರಹ ಅದೇ. ಅಲ್ಲಿ ಎರಡು ಚುಕ್ಕಿ ಸೇರಿ ಒಂದು ಸಣ್ಣ ಗೆರೆಯಾಗುವುದರಿಂದ ಬರಹ ಬೇಗ ಸಾಗುತ್ತದೆ.

ಖತ್ ಒಂದರಿಂದಲೇ ಎಲ್ಲವೂ ಆಗದು. ಹಂಜಾ ಎಂಬ ಗುರುತು ಎಲ್ಲಿ ಕೂರಬೇಕೆಂಬ ಕಾಗುಣಿತದ ತೊಡಕನ್ನು ಲೇಖನಿಯ ಓರೆ ಬಿಡಿಸಲಾರದು. ಅದಕ್ಕೆ ಇಮ್ಲಾ, ಅಂದರೆ ಉಕ್ತಲೇಖನವೇ ಬೇಕು. ನನ್ನ ಸಲಹೆ ಇಷ್ಟು: ಪಾಠದ ಮೊದಲ ಹತ್ತು ನಿಮಿಷ ಒಂದೇ ಅಕ್ಷರಕ್ಕೆ ಚುಕ್ಕಿಯ ಅಳತೆಯಲ್ಲಿ ಮಶ್ಕ್ ಮಾಡಿಸಿ, ಆಮೇಲೆ ಆ ಅಕ್ಷರವಿರುವ ಪದಗಳನ್ನೇ ಉಕ್ತಲೇಖನಕ್ಕೆ ಕೊಡಿ.