ಚಳಿ, ಕೋಳಿ ಮತ್ತು ನಾವು



ಮಂಡ್ಯದಿಂದ ಮೈಸೂರಿನ ಕಡೆಗೆ ಹೊರಟ ಪ್ಯಾಸೆಂಜರ್ ರೈಲಿಗೆ ಮಂಡ್ಯದ ನಂತರ ಸಿಗುವ ನಿಲ್ದಾಣ ಯಲಿಯೂರು. ಕೆಲವು ವರ್ಷಗಳ ಹಿಂದೆ, ಧನುರ್ಮಾಸದ ಒಂದು ಬೆಳಗಿನ ಜಾವ, ಆ ಊರಿನ ಬಳಿಯ ಕೋಳಿ ಫಾರಂ ಒಂದಕ್ಕೆ ಚಿತ್ರೀಕರಣಕ್ಕೆಂದು ಹೋಗಿದ್ದೆವು. ರಾತ್ರಿ ಕರೆಂಟು ಹೋಗಿ ಬಲ್ಬುಗಳು ಆರಿದ್ದವು. ವಾರದ ಮರಿಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿ ಸಿಕ್ಕಿದ ಹಲವು ಮರಿಗಳು ಉಸಿರುಕಟ್ಟಿ ಸತ್ತಿದ್ದವು. ನಾವು ಬ್ಯಾಟರಿಯ ಶೂಟಿಂಗ್ ದೀಪ ಹಚ್ಚಿದ್ದೇ ತಡ, ಬದುಕಿದ್ದವು ಅದರ ಕೆಳಗೆ ಓಡಿ ಬಂದವು. ನಮಗೆ ಬೇಕಿದ್ದುದು ಬೆಳಕು. ಅವಕ್ಕೆ ಬೇಕಿದ್ದುದು ಕಾವು.

ಮಂಡ್ಯದ ಚಳಿಗೆ ನಮಗೊಂದು ಕಂಬಳಿ ಸಾಕು. ಅಷ್ಟಕ್ಕೇ ಮರಿಗಳು ಕಂಗೆಡುವುದೇಕೆ?

ಬೆಳೆದ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಚಳಿಯಾದಾಗ ಅದು ಗರಿ ಕೆದರಿ ಕೂರುತ್ತದೆ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದರ ಕಂಬಳಿ. ತಿಂದ ಮೇವಿನ ಒಂದು ಪಾಲು ಶಾಖಕ್ಕೆ ಖರ್ಚಾಗುವುದರಿಂದ ಚಳಿಗಾಲದಲ್ಲಿ ಅದು ಹೆಚ್ಚು ಮೇಯುತ್ತದೆ. ಮರಿಗೆ ಇರುವುದು ತುಪ್ಪುಳು ಮಾತ್ರ. ಪುಟ್ಟ ದೇಹವಾದ್ದರಿಂದ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಶಾಖ ಬೇಗ ಸೋರಿಹೋಗುತ್ತದೆ. ಹಟ್ಟಿಯಲ್ಲಾದರೆ ತಾಯಿಕೋಳಿಯ ರೆಕ್ಕೆಯಿದೆ. ಫಾರಂನಲ್ಲಿ ಬಲ್ಬೇ ತಾಯಿ. ಮೊದಲ ವಾರ ಸುಮಾರು 35 ಡಿಗ್ರಿ ಕಾವು ಕೊಟ್ಟು, ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾರೆ. ಕಾವು ಸರಿಯಿದೆಯೇ ಎಂದು ಮರಿಗಳೇ ಹೇಳುತ್ತವೆ: ಗುಂಪುಗಟ್ಟಿದರೆ ಚಳಿ, ದೀಪದಿಂದ ದೂರ ಸರಿದರೆ ಸೆಕೆ, ಎಲ್ಲೆಡೆ ಹರಡಿಕೊಂಡಿದ್ದರೆ ಹಿತ. ಆದರೆ ಚಳಿಗೆ ಹೆದರಿ ಗೋಣಿತಾಟಿನಿಂದ ಕೊಟ್ಟಿಗೆಯನ್ನು ಪೂರ್ತಿ ಮುಚ್ಚಬಾರದು. ಹಿಕ್ಕೆಯಿಂದೇಳುವ ಅಮೋನಿಯ ಒಳಗೇ ನಿಂತು ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ.

ಜೀವಂತ ಮರಿಯನ್ನು ಕೊಲ್ಲುವ ಚಳಿಯೇ ಮಾಂಸವನ್ನು ಕೆಡದಂತೆ ಕಾಯುತ್ತದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಇದನ್ನು ಪರೀಕ್ಷಿಸಲು 1626ರಲ್ಲಿ ಕೋಳಿಯೊಳಗೆ ಹಿಮ ತುಂಬಿದನೆಂದೂ, ಆಗ ತಗುಲಿದ ಶೀತದಿಂದಲೇ ತೀರಿಕೊಂಡನೆಂದೂ ಒಂದು ಕಥೆಯಿದೆ. ಕಥೆ ಎಷ್ಟು ನಿಜವೋ, ತತ್ತ್ವವಂತೂ ನಿಜ.

ಕೋಳಿಮಾಂಸದ ಸುಮಾರು ಮುಕ್ಕಾಲು ಪಾಲು ನೀರು. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ದೊಡ್ಡ ಹರಳುಗಳಾಗಿ ಜೀವಕೋಶಗಳನ್ನು ಸೀಳುತ್ತವೆ. ಕರಗಿದಾಗ ರಸ ಸೋರಿ ಮಾಂಸ ನಾರಾಗುತ್ತದೆ. ಬೇಗ ಹೆಪ್ಪುಗಟ್ಟಿಸಿದರೆ ಹರಳು ಸಣ್ಣದು, ಹಾನಿ ಕಡಿಮೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿಟ್ಟ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಬೆಳೆಯುವುದಿಲ್ಲ ಎಂದೆ, ಸಾಯುತ್ತವೆ ಎನ್ನಲಿಲ್ಲ. ಇದನ್ನು ಮರೆಯಬೇಡಿ. ಸಾಲ್ಮೊನೆಲ್ಲಾದಂಥ ರೋಗಾಣುಗಳು ಹಿಮದಲ್ಲೂ ಬದುಕುಳಿಯಬಲ್ಲವು. ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಕರಗಲಿಟ್ಟ ಕೋಳಿಯ ಒಳಗು ಇನ್ನೂ ಮಂಜುಗಡ್ಡೆಯಾಗಿರುವಾಗಲೇ ಹೊರಮೈ ಬೆಚ್ಚಗಾಗಿ, ಅಲ್ಲಿ ಅವು ಮತ್ತೆ ವೃದ್ಧಿಸತೊಡಗುತ್ತವೆ. ಆದ್ದರಿಂದ ಹಿಂದಿನ ರಾತ್ರಿಯೇ ಪಾತ್ರೆಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ಕರಗಿಸಬೇಕು. ಹೊರಗಿಟ್ಟು ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಒಳಗಿನವರೆಗೆ 74 ಡಿಗ್ರಿ ಮುಟ್ಟುವಂತೆ ಬೇಯಿಸಬೇಕು. ರೋಗಾಣುವನ್ನು ಕೊಲ್ಲುವುದು ಬೆಂಕಿ. ಚಳಿ ಅದನ್ನು ತಡೆದು ನಿಲ್ಲಿಸುತ್ತದೆ, ಅಷ್ಟೆ.

ಇನ್ನು ಮೇಲೆ ರಾತ್ರಿ ಕರೆಂಟು ಹೋದಾಗ ಎರಡು ಮಾತು ನೆನಪಿರಲಿ. ಮನೆಯಲ್ಲಿ ಫ್ರೀಜರಿನ ಬಾಗಿಲು ಪದೇ ಪದೇ ತೆಗೆಯಬೇಡಿ, ಒಳಗಿನ ತಂಪು ಉಳಿಯಲಿ. ಮರಿ ಸಾಕಿದ್ದರೆ ಎದ್ದು ಹೋಗಿ ನೋಡಿ, ಕಾವಿಗೆ ಬೇರೆ ಏರ್ಪಾಡು ಮಾಡಿ. ಆ ದಿನ ಯಲಿಯೂರಿನ ರೈತರು ಸತ್ತ ಮರಿಗಳನ್ನು ಮಂಕರಿಗೆ ತುಂಬುತ್ತಾ ನಮಗೆ ಹೇಳಿದ್ದು ಇಷ್ಟೇ: "ಒಂದು ಗಂಟೆ ಮೊದಲು ಎದ್ದಿದ್ರೆ ಉಳೀತಿದ್ವು ಸ್ವಾಮಿ."