ಬದ್ಧತೆಗೆ ಎಷ್ಟು ಅಂಕ?

ಸಾಲಸೋಲ ಮಾಡಿ ಮಕ್ಕಳನ್ನು ಓದಿಸಿ ಇಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆತಾಯಂದಿರೇ, ಕರಿ ಗೌನಿನೊಳಗೆ ಬೆವರುತ್ತಿರುವ ನರ್ಸಿಂಗ್ ಪದವೀಧರರೇ,

ಕಾಲೇಜಿಗೆ ಬಂದ ಹೊಸತರಲ್ಲಿ ನೀವು ದೀಪ ಹಿಡಿದು ಪ್ರತಿಜ್ಞೆ ಮಾಡಿದಿರಿ. ಅದಕ್ಕೆ ನೈಟಿಂಗೇಲ್ ಹೆಸರಿದ್ದರೂ ಬರೆದದ್ದು ಆಕೆಯಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮುಂದಾಳತ್ವದ ಸಮಿತಿ. ಪ್ರತಿಜ್ಞೆಗೆ ‘ಹೌದು’ ಎಂದರೆ ಸಾಕು. ನನ್ನದು ಮನಶ್ಶಾಸ್ತ್ರ. ಅದಕ್ಕೆ ಅಷ್ಟು ಸಾಲದು, ‘ಎಷ್ಟು ಹೌದು?’ ಎಂದು ಕೇಳುತ್ತದೆ. 1932ರಲ್ಲಿ ರೆನ್ಸಿಸ್ ಲೈಕರ್ಟ್ ತೋರಿಸಿಕೊಟ್ಟ ದಾರಿಯಲ್ಲಿ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮನೆ ಹಾಕಿ, ಒಂದಕ್ಕೆ ಟಿಕ್ ಮಾಡಿ ಎನ್ನುತ್ತದೆ.

ವೃತ್ತಿಯ ಮೇಲಿನ ಬದ್ಧತೆಯನ್ನು ಹೀಗೆ ಅಳೆಯಹೊರಟವರು ಹುಡುಕಿಕೊಂಡು ಬಂದದ್ದು ನಿಮ್ಮವರನ್ನೇ. ಗ್ಯಾರಿ ಬ್ಲಾ 1985ರಲ್ಲಿ ಪ್ರಕಟಿಸಿದ ಅಳತೆಗೋಲಿಗೆ ಉತ್ತರಿಸಿದವರು ನರ್ಸ್‌ಗಳು. 1993ರಲ್ಲಿ ಕೆನಡಾದ ಮೇಯರ್, ಆಲೆನ್, ಸ್ಮಿತ್ ಪ್ರಶ್ನೆ ಕೇಳಿದ್ದೂ ನರ್ಸ್‌ಗಳನ್ನು, ನರ್ಸಿಂಗ್ ವಿದ್ಯಾರ್ಥಿಗಳನ್ನು. ಊರವರ ಜ್ವರ ನೋಡುವವರ ಬಾಯಿಗೇ ಥರ್ಮಾಮೀಟರ್ ಇಟ್ಟ ಹಾಗೆ!

ಪ್ರಶ್ನೆಗಳು ಜಾಣತನದವು. ದುಡಿಯದೆಯೇ ಕೈತುಂಬ ಹಣ ಬರುವಂತಿದ್ದರೂ ಈ ಕೆಲಸ ಮಾಡುತ್ತೀರಾ? ಇಷ್ಟೇ ಸಂಬಳಕ್ಕೆ ಬೇರೆ ಕೆಲಸ ಸಿಕ್ಕರೆ ಹೋಗುತ್ತೀರಾ? ಕೆಲವನ್ನು ಬೇಕೆಂದೇ ತಿರುವಿ ಕೇಳಿರುತ್ತಾರೆ. ಎಲ್ಲದಕ್ಕೂ ಕೋಲೆಬಸವನಂತೆ ತಲೆಯಾಡಿಸುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಆದರೆ ಕೆನಡಾದ ಆ ಮೂವರು ಮಾಡಿದ ಉಪಕಾರ ಬೇರೆಯದು. ‘ಉಳಿದಿದ್ದಾಳೆ’ ಎಂಬ ಒಂದೇ ಮಾತನ್ನು ಅವರು ಮೂರಾಗಿ ಬಿಡಿಸಿದರು. ಇಷ್ಟವಿದ್ದು ಉಳಿಯುವುದು ಒಂದು. ಬಿಟ್ಟರೆ ನಷ್ಟವೆಂದು ಉಳಿಯುವುದು ಇನ್ನೊಂದು. ಬಿಡುವುದು ತಪ್ಪು, ಋಣವಿದೆ ಎಂದು ಉಳಿಯುವುದು ಮತ್ತೊಂದು. ಹಾಜರಿ ಪುಸ್ತಕದಲ್ಲಿ ಮೂರೂ ಒಂದೇ ಸಹಿ. ಬಾಂಡ್ ಬರೆಸಿಕೊಂಡು, ಮೂಲ ಸರ್ಟಿಫಿಕೇಟುಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು, ‘ನಮ್ಮ ಸಿಸ್ಟರುಗಳು ಬಿಟ್ಟು ಹೋಗುವುದೇ ಇಲ್ಲ’ ಎಂದು ಬೀಗಿದ ಆಸ್ಪತ್ರೆಯೊಂದನ್ನು ನಾನು ಕಂಡಿದ್ದೇನೆ. ಅಲ್ಲಿ ಬದ್ಧವಾಗಿದ್ದದ್ದು ಕಾಗದ. ನಮ್ಮ ಮಾತೂ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ: ಬದ್ಧ ಎಂದರೆ ಮೂಲದಲ್ಲಿ ಕಟ್ಟಲ್ಪಟ್ಟದ್ದು ಎಂದೇ ಅರ್ಥ. ಬಂಧನವೂ ಅದೇ ಧಾತುವಿನದು.

ನಾನು ಪಾಠ ಮಾಡುತ್ತಿದ್ದಾಗ ಮೊದಲ ವರ್ಷದವರಿಗೆ ಅಭ್ಯಾಸಕ್ಕೆಂದು ಇಂಥ ಹಾಳೆ ಹಂಚುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎಲ್ಲ ಪ್ರಶ್ನೆಗೂ ನಡುಮನೆಗೇ ಟಿಕ್ ಹಾಕಿ ಕೊಟ್ಟಳು. ‘ಏನಮ್ಮಾ, ಯಾವುದಕ್ಕೂ ಅಭಿಪ್ರಾಯವೇ ಇಲ್ಲವಾ?’ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ‘ಸರ್, ಮನೇಲಿ ಸಾಲ ಇದೆ. ಇಷ್ಟಾನೋ ಅಲ್ವೋ ಅಂತ ಯೋಚನೆ ಮಾಡೋಕೆ ಇನ್ನೂ ಪುರುಸೊತ್ತಾಗಿಲ್ಲ’ ಎಂದಳು. ಅಂಕ ಕೂಡುವಾಗ ಅವಳು ‘ಮಧ್ಯಮ ಬದ್ಧತೆ’ಯ ಗುಂಪಿಗೆ ಸೇರಿದಳು. ಅಷ್ಟು ನಿಜವಾದ ಉತ್ತರಕ್ಕೆ ಹಾಳೆಯಲ್ಲಿ ಮನೆಯೇ ಇರಲಿಲ್ಲ. ಅಳತೆ ಸುಳ್ಳು ಎನ್ನುತ್ತಿಲ್ಲ; ಒಬ್ಬಳ ಒಂದು ದಿನದ ಅಂಕವನ್ನು ಅವಳ ಗುಣ ಎಂದು ಓದುವುದು ತಪ್ಪು. ಸತತ ನೈಟ್ ಡ್ಯೂಟಿ ಮುಗಿಸಿ ಬಂದವಳ ಕೈಗೆ ಹಾಳೆ ಕೊಟ್ಟರೆ ನಿದ್ದೆಯೇ ಟಿಕ್ ಹಾಕುತ್ತದೆ.

ನಿಮ್ಮಲ್ಲಿ ಕೆಲವರು ಗಲ್ಫಿಗೆ, ಇಂಗ್ಲೆಂಡಿಗೆ ಹೋಗುತ್ತೀರಿ. ಹೋದವರಿಗೆ ಬದ್ಧತೆ ಕಡಿಮೆ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ನಂಬಬೇಡಿ. ಆಸ್ಪತ್ರೆ ಬಿಟ್ಟವಳು ವೃತ್ತಿ ಬಿಟ್ಟವಳಲ್ಲ.

ಎಲ್ಲಿಗೆ ಹೋದರೂ ಒಂದಲ್ಲ ಒಂದು ದಿನ ಈ ಹಾಳೆ ನಿಮ್ಮ ಮುಂದೆ ಬರುತ್ತದೆ. ಹೆಸರು ಬರೆಯಬೇಕೇ, ತುಂಬಿದ್ದನ್ನು ಓದುವವರು ಯಾರು ಎಂದು ಮೊದಲು ಕೇಳಿ. ಇನ್ನು, ಮುಂದೆ ವಾರ್ಡ್ ಇನ್‌ಚಾರ್ಜ್ ಆಗುವವರಲ್ಲಿ ನನ್ನದೊಂದು ಬೇಡಿಕೆ. ಸಿಸ್ಟರುಗಳ ಬದ್ಧತೆ ಅಳೆಯಲು ಹಾಳೆ ಹಂಚುವ ಮುನ್ನ ದಯವಿಟ್ಟು ಡ್ಯೂಟಿ ಪಟ್ಟಿ ತೆರೆದು, ಯಾರಿಗೆ ಎಷ್ಟು ನೈಟ್ ಬಿದ್ದಿವೆ, ಯಾರ ರಜೆ ಎಷ್ಟು ಸಲ ರದ್ದಾಗಿದೆ ಎಂದು ಎಣಿಸಿ.