ಸಂಘದ ಪುಸ್ತಕದ ಜೊತೆಗೆ ಇನ್ನೊಂದು ಪುಸ್ತಕ



ವಾರ ವಾರ ಸಂಘದಲ್ಲಿ ನಾವು ಕಟ್ಟುವ ಹಣ ಉಳಿತಾಯವೇ ಹೌದು. ಆದರೆ ಅದು ಸಾಲವಾಗಿ ಒಬ್ಬರಿಂದ ಒಬ್ಬರಿಗೆ ತಿರುಗುತ್ತಾ ಇರುತ್ತದೆ. ಆಸ್ಪತ್ರೆ, ಶಾಲೆ ಫೀಸು ಅಂತ ಅದು ಬೇಕೇ ಬೇಕು. ಮುಂದೆ ನಮ್ಮ ಕೈಕಾಲು ಸೋತಾಗ ಬೇಕಾಗುವ ಹಣ ಮಾತ್ರ ಬೇರೆ ಕಡೆ, ನಮ್ಮದೇ ಹೆಸರಿನಲ್ಲಿ ಇರಬೇಕು.

ಅಂಚೆ ಕಚೇರಿಯ ಆರ್.ಡಿ.ಗೆ ತಿಂಗಳಿಗೆ 100 ರೂಪಾಯಿ ಸಾಕು. 2023ರ ಅಕ್ಟೋಬರ್‌ನಲ್ಲಿ ಬಂದ ಶೇ. 6.7 ದರದಲ್ಲಿ ತಿಂಗಳಿಗೆ 500ರಂತೆ 5 ವರ್ಷ ಕಟ್ಟಿದರೆ ಹಾಕಿದ್ದು 30,000, ಬರೋದು ಸುಮಾರು 35,680. ಇಷ್ಟೇನಾ ಅಂತೀರಿ. ಸರಿ, ಅದೇ 500ನ್ನು ಪಿ.ಪಿ.ಎಫ್.ನಲ್ಲಿ 15 ವರ್ಷ ಕಟ್ಟಿದರೆ? 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ. 7.1 ದರವೇ ಕೊನೆಯವರೆಗೂ ಇದ್ದರೆ, ಹಾಕಿದ್ದು 90,000, ಸಿಗೋದು ಒಂದೂವರೆ ಲಕ್ಷಕ್ಕೂ ಮೇಲೆ. ಮೊದಮೊದಲು ಬಡ್ಡಿ ಕಣ್ಣಿಗೇ ಕಾಣೋದಿಲ್ಲ. ಆಮೇಲೆ ಬಡ್ಡಿಗೂ ಬಡ್ಡಿ ಸೇರುತ್ತಾ ಹೋಗುತ್ತದೆ. ಅರ್ಧದಲ್ಲಿ ತೆಗೆದವರಿಗೆ ಇದು ದಕ್ಕೋದಿಲ್ಲ.

ಒಂದು ಮಾತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇ. 24. ಅಂಥ ಸಾಲ ತಲೆ ಮೇಲೆ ಇಟ್ಟುಕೊಂಡು ಶೇ. 7ಕ್ಕೆ ಕೂಡಿಡೋದು ಯಾವ ಲೆಕ್ಕ? ಮೊದಲು ಸಾಲ ತೀರಿಸೋಣ.

ಡೈರಿಯ ಹಾಲಿನ ದುಡ್ಡು ಬಂದ ದಿನವೇ 500 ಎತ್ತಿಡೋಣ. ಪಿ.ಪಿ.ಎಫ್. ಆದರೆ ತಿಂಗಳ 5ನೇ ತಾರೀಖಿನೊಳಗೆ ಕಟ್ಟಿ. ತಡವಾದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಹೋಗುವಾಗ ಆಧಾರ್, ಪಾನ್ ಕಾರ್ಡ್, ಫೋಟೊ ತೆಗೆದುಕೊಂಡು ಹೋಗಿ. ನಾಮಿನಿ ಹೆಸರನ್ನೂ ಅವತ್ತೇ ಬರೆಸಿ.